ಲಕ್ಷ್ಮಿಕಾಂತ ಗೆದ್ದ ಜಗಳ

ನೀರಿನ ಮೀಟರಿನೊಳಗೆ ಕೂರುವ ಪುಟ್ಟ ಡೇಟಾಬೇಸಿಗೆ ಹಲಸೂರಿನ ಒಂದು ಆಫೀಸಿನಲ್ಲಿ ಕೋಡ್ ಬರೆಯುತ್ತಿದ್ದವರು ಇಬ್ಬರೇ, ಲಕ್ಷ್ಮಿಕಾಂತ ಮತ್ತು ರೇವತಿ. ಫೈಲುಗಳಿಗೆ ಹೆಸರಿಡುವುದರಲ್ಲಿ ದಿನಾ ಜಗಳ. ಪ್ರತಿ ಹೆಸರೂ ಡೇಟಾಬೇಸಿನ 'ಡಿಬಿ'ಯಿಂದಲೇ ಶುರುವಾಗಲಿ ಎಂದು ಅವಳು, "ಮನೆಮಂದಿಗೆಲ್ಲ ಒಂದೇ ಇನಿಶಿಯಲ್ಲಾ?" ಎಂದು ಇವನು.

ರೇವತಿ ಬೇರೆ ಕಂಪನಿ ಸೇರಿದಳು. "ಹೆಸರು ನೀವೇ ಡಿಸೈಡ್ ಮಾಡ್ಬಿಡ್ರೀ," ಎಂದರು ಮ್ಯಾನೇಜರ್. ಎದುರಾಡುವವರಿಲ್ಲದ ಗೆಲುವು ಲಕ್ಷ್ಮಿಕಾಂತನಿಗೆ ರುಚಿಸಲಿಲ್ಲ. ಎಲ್ಲ ಫೈಲುಗಳ ಹೆಸರಿಗೂ ಅವಳ 'ಡಿಬಿ'ಯನ್ನೇ ಸೇರಿಸಿದ. ಸಂಜೆ ಕೆ.ಆರ್. ಪುರದ ಬಸ್ಸಿನಲ್ಲಿ ನೇತಾಡುತ್ತಲೇ ಅವಳಿಗೆ ಫೋನ್ ಮಾಡಿದ.

"ನೀನೇ ಗೆದ್ದೆ ಕಣೇ. ಫೈಲ್‌ಗೆಲ್ಲ ಡಿಬಿ ಹಾಕ್ಬಿಟ್ಟೆ."

"ಯಾವ ಫೈಲು ಗುರು? ಮೀಟಿಂಗಲ್ಲಿದೀನಿ, ಆಮೇಲ್ ಮಾಡ್ತೀನಿ."

ಅವರಿಬ್ಬರದೇ ಆಗಿದ್ದ, ಅವಳು ಬಿಟ್ಟುಹೋದ ಮೇಲೆ ಅವನೊಬ್ಬನೇ ಉಳಿದಿದ್ದ ವಾಟ್ಸಾಪ್ ಗ್ರೂಪಿನಲ್ಲಿ ಲಕ್ಷ್ಮಿಕಾಂತ 'ಡಿಬಿ'ಯ ಹೊಸ ನಿಯಮ ಬರೆದು ಹಾಕಿದ. ಸ್ವಲ್ಪ ಹೊತ್ತು ಕಾದು, ಅದಕ್ಕೆ ತಾನೇ ಒಂದು ಹೆಬ್ಬೆರಳಿನ ಲೈಕ್ ಒತ್ತಿದ.