ತಮ್ಮನಿಗೆ ಕತ್ತಿ, ಅಣ್ಣನಿಗೆ ಸೂಜಿ

ಜೋಗೇಶ್ವರಿಯ ಚಾಳೊಂದರಲ್ಲಿ ಬಡೇಸಾಬನೆಂಬ ಗಾದಿ ಹೊಲಿಯುವವನಿದ್ದ. ವಿಜಾಪುರದ ಕಡೆಯವನು. ಹುಬ್ಬಿನ ತುಂಬ ಯಾವಾಗಲೂ ಹತ್ತಿಯ ಧೂಳು. ಒಳ್ಳೆಯ ಮನುಷ್ಯನೇ ಅನ್ನಿ. ಆದರೆ ಅವನೆದುರು ತಮ್ಮ ಸರ್ದಾರನ ಹೆಸರು ಎತ್ತುವಂತಿರಲಿಲ್ಲ.

ಕಾರಣ ಕೇಳಿ. ಅವರ ತಾಯಿ ಗುಲಶನ ಮಲಾಡಿನಲ್ಲಿ ಸರ್ದಾರನ ಮನೆಯಲ್ಲಿ ತೀರಿಕೊಂಡಾಗ ಬಡೇಸಾಬ ಪವಾಯಿಯ ಹಾಸ್ಟೆಲಿಗೆ ಗಾದಿ ಇಳಿಸಲು ಹೋಗಿದ್ದ. ಸುದ್ದಿ ತಿಳಿದು ಓಡಿ ಬರುವಷ್ಟರಲ್ಲಿ ಗೋರಿಯ ಮೇಲೆ ನೀರು ಚಿಮುಕಿಸುತ್ತಿದ್ದರು. ಅವರ ಪೈಕಿ ನೀರು ಬಿದ್ದ ಮೇಲೆ ಮಣ್ಣು ಕೊಡುವಂತಿಲ್ಲ. ಹೆತ್ತವಳಿಗೆ ಹಿರಿಮಗನ ಮೂರು ಹಿಡಿ ಮಣ್ಣು ಸಲ್ಲಲಿಲ್ಲ.

“ನನ್ನ ಸಲುವಾಗಿ ಜರಾ ನಿಲ್ಲಬಾರದಿತ್ತೇನೋ?”

“ಹೆಣ ಕಾಯ್ತದೇನು?” ಎಂದು ಸರ್ದಾರ ಕೈ ಕೊಡವಿದ.

ಅಂದಿನಿಂದ ಬಡೇಸಾಬನಿಗೆ ಒಂದೇ ಹಟ: ತನ್ನ ಗೋರಿಗೆ ಆ ಕೈಯ ಮಣ್ಣು ಬೀಳಬಾರದು. ಅಂದರೆ ತಮ್ಮನಿಗಿಂತ ಒಂದು ದಿನವಾದರೂ ಹೆಚ್ಚು ಬದುಕಬೇಕು.

ತೊಂಬತ್ತನೇ ಇಸವಿಯಲ್ಲಿ ಅವನ ಹೊಟ್ಟೆಯಲ್ಲಿ ನೀರು ತುಂಬಿತು. ದೊಡ್ಡಾಸ್ಪತ್ರೆಯಲ್ಲಿ ಮೈಸೂರಿನ ವಿಮಲಾ ಡಾಕ್ಟರು ನೋಡಿದರು. ಹಳೆಯ ಕಾಮಾಲೆಯ ಸೋಂಕಿನಿಂದ ಲಿವರ್ ಗಟ್ಟಿಯಾಗಿತ್ತು, ಒಳಗೊಂದು ಕ್ಯಾನ್ಸರ್ ಗಂಟಿತ್ತು. ಸೋಂಕು ತಾಯಿಯಿಂದ ಬಂದಿರಬಹುದು, ಒಡಹುಟ್ಟಿದವರನ್ನೂ ಕರೆಸಿ ಎಂದರು. ಹೆಂಡತಿ ಬೀಬೀಜಾನ ಗಂಡನಿಗೆ ಹೇಳದೆ ಮಲಾಡಿಗೆ ಸುದ್ದಿ ಮುಟ್ಟಿಸಿದಳು. ಸರ್ದಾರನ ಲಿವರಿನಲ್ಲೂ ಗಂಟು ಸಿಕ್ಕಿತು. ಅವನಿಗೆ ಆಪರೇಷನ್, ಅಣ್ಣನಿಗೆ ಸೂಜಿ ಚುಚ್ಚುವ ಚಿಕಿತ್ಸೆ ಎಂದು ನಿಗದಿಯಾಯಿತು; ಸುದ್ದಿ ಬಡೇಸಾಬನ ಕಿವಿಗೂ ಬಿತ್ತು.

ಬಡೇಸಾಬ ಡಾಕ್ಟರ ಟೇಬಲ್ ಹಿಡಿದು ನಿಂತ. “ಅವಗ ಕತ್ತಿ, ನನಗ ಸೂಜಿ. ಯಾಕ್ರಿ ಅಕ್ಕಾರ? ಯಾವುದರಾಗ ಹೆಚ್ಚು ಬದುಕತಾರ?”

“ಕತ್ತಿ ಗಂಟನ್ನ ಪೂರ್ತಿ ತೆಗೆಯುತ್ತೆ. ಆದ್ರೆ ಉಳಿದ ಲಿವರ್ ಕೆಲಸ ಮಾಡ್ಬೇಕಲ್ಲಪ್ಪ? ಅವರದ್ದು ತಡ್ಕೊಳುತ್ತೆ. ನಿಮ್ಮದನ್ನ ಕೊಯ್ದರೆ ಟೇಬಲ್ ಮೇಲೇ ಹೋಗ್ಬಿಡಬಹುದು. ಮೊದಲು ಮಾತ್ರೇಲಿ ನೀರು ಇಳಿಸ್ತೀವಿ, ಆಮೇಲೆ ಸೂಜೀಲಿ ಸ್ಪಿರಿಟ್ ಬಿಟ್ಟು ಗಂಟನ್ನ ಸುಡ್ತೀವಿ.”

“ತೋಬಾ! ನಾ ಸೆರೆ ಬಾಯಿಗೆ ಮುಟ್ಟಿಸಿದಾಂವ ಅಲ್ರಿ.”

“ಬಾಯಿಗಲ್ಲ, ಗಂಟಿಗೆ. ಆದ್ರೆ ಬೇರೆ ಜಾಗದಲ್ಲಿ ಮತ್ತೆ ಹುಟ್ಟಬಹುದು.”

“ಅವಗ ಹುಟ್ಟಂಗಿಲ್ಲೇನು?”

“ಅವರಿಗೂ ಹುಟ್ಟಬಹುದು.”

ಬಡೇಸಾಬನ ಮುಖ ಅರಳಿತು. “ಹಂಗಾದ್ರ ಚುಚ್ಚರಿ!”

ಚುಚ್ಚಿದರು. ಉರಿ ಭುಜದವರೆಗೆ ಹತ್ತಿದರೂ ಅವನು ತಮ್ಮನ ಮುಖ ನೆನೆದು ಹಲ್ಲು ಕಚ್ಚಿದ. ಹತ್ತಿಯ ಗಂಟನ್ನು ಬಡಿದು ಬಿಡಿಸಿದವನು ಈಗ ಒಳಗಿನ ಗಂಟು ಸಾಯಲೆಂದು ಮಲಗಿದ್ದ. ಅತ್ತ ಸರ್ದಾರ ಆಪರೇಷನ್ ಗೆದ್ದು, ಹೊಟ್ಟೆಯ ಪಟ್ಟಿ ಒತ್ತಿಕೊಂಡು ಒಂದು ಮಧ್ಯಾಹ್ನ ವಾರ್ಡಿಗೆ ಬಂದ.

“ಭಾಯೀ, ನಾ ಉಳಕೊಂಡೆ.”

ಬಡೇಸಾಬ ಗೋಡೆಗೆ ತಿರುಗಿ, “ಸೊಳ್ಳಿ ಬಂದಾವು, ಫ್ಯಾನ್ ಹಚ್ಚ,” ಎಂದ ಹೆಂಡತಿಗೆ.

ಎರಡು ವರ್ಷ ಸೂಜಿ ಅವನನ್ನು ಎಳೆದುಕೊಂಡು ಬಂತು. ಗಾದಿಯನ್ನೂ ಹೊಲಿದ. ಆಮೇಲೆ ಲಿವರಿನ ತುಂಬ ಹೊಸ ಗಂಟು.

“ತಮ್ಮಂದು?” ಎಂದು ಕೇಳಿದ.

“ಅವರದ್ದು ಕ್ಲೀನ್,” ಎಂದು ಡಾಕ್ಟರು ಕಣ್ಣು ತಗ್ಗಿಸಿದರು.

ಮನೆಗೆ ಬಂದವನು ಹೆಂಡತಿಯ ಕೈ ಹಿಡಿದುಕೊಂಡ. “ನಾ ಸೋತೆ. ಇನ್ನ ನಿನ್ನ ಕೈಯಾಗ ಐತಿ, ಬೀಬೀ. ಅವಗ ಸುದ್ದಿ ಕೊಡು, ತಪ್ಪಿಸಬ್ಯಾಡ. ಆದ್ರ ಕಾಯಬ್ಯಾಡ.”

“ಹೋಗೂ ಮುಂದರ ಬಿಟ್ಟುಕೊಡ್ರಿ ಅದನ್ನ.”

“ನಮ್ಮಮ್ಮನ್ನ ಬಿಟ್ಟುಕೊಡಲೇನು?”



ಅವನು ತೀರಿಕೊಂಡ ಬೆಳಿಗ್ಗೆ ಬೀಬೀಜಾನ ಮೊದಲು ಮಲಾಡಿಗೆ ಆಳು ಕಳಿಸಿದಳು. ಆಮೇಲೆ ಗೋರಿ ತೋಡುವವನಿಗೆ ಅವಸರ ಮಾಡಿದಳು. ಸರ್ದಾರ ಲೋಕಲ್ ರೈಲು ಇಳಿದು, ಹಳೆಯ ಹೊಲಿಗೆಯ ಮೇಲೆ ಕೈಯಿಟ್ಟುಕೊಂಡು ಖಬರಸ್ತಾನಕ್ಕೆ ಓಡಿ ಬಂದಾಗ ಗೋರಿಯ ಮೇಲೆ ನೀರಿನ ಕೊನೆಯ ಕೊಡ ಬರಿದಾಗುತ್ತಿತ್ತು. ಆದರೂ ಬಗ್ಗಿ ಒಂದು ಹಿಡಿ ಮಣ್ಣೆತ್ತಿದ.

“ಪಾನಿ ಹೋ ಗಯಾ, ಚಾಚಾ,” ಎಂದು ಗೋರಿ ತೋಡುವವನು ಅಡ್ಡ ನಿಂತ.

ಮುಷ್ಟಿ ಬಿಚ್ಚದೆ ಸರ್ದಾರ ಗೇಟಿಗೆ ಬಂದ. ಹೊರಗೆ ಹೆಂಗಸರ ನಡುವೆ ಅತ್ತಿಗೆ ನಿಂತಿದ್ದಳು.

“ಭಾಭೀ, ನನ್ನ ಸಲುವಾಗಿ ಜರಾ ನಿಲ್ಲಬಾರದಿತ್ತೇನು?”

ಬೀಬೀಜಾನ ಮುಖದ ಪರದೆ ಸರಿಸಿ ಅವನನ್ನು ನೆಟ್ಟಗೆ ನೋಡಿದಳು.

“ಹೆಣ ಕಾಯ್ತದೇನು?”