ಪೆಡಲಿನ ಡಬ್ಬಿ

ಮಾತಾಡುವವರ ಮುಖವನ್ನು ಸೈಕಲ್ ಅಜ್ಜ ನೋಡುತ್ತಿರಲಿಲ್ಲ. ತಲೆಕೆಳಗಾಗಿ ನಿಲ್ಲಿಸಿದ ಸೈಕಲ್ಲಿನ ಮುಂದಿನ ಚಕ್ರವನ್ನು ತೋರುಬೆರಳಿನಿಂದ ಒಮ್ಮೆ ತಟ್ಟಿ, ಅದು ತಿರುಗುವುದನ್ನೇ ನೋಡುತ್ತಾ ಕೇಳಿಸಿಕೊಳ್ಳುತ್ತಿದ್ದರು. ಆ ಬೆರಳಿನ ಉಗುರು ನಡುವೆ ಸೀಳಿ ಎರಡಾಗಿ ಬೆಳೆದಿತ್ತು, ಸೀಳಿನೊಳಗೆ ಗ್ರೀಸಿನ ಕಪ್ಪು ಗೆರೆ. ಚಕ್ರ ನಿಂತ ಮೇಲೆಯೇ ಉತ್ತರ. ಅವರು ಗ್ರೀಸ್ ಹಾಕಿದ ಚಕ್ರ ಸುಲಭಕ್ಕೆ ನಿಲ್ಲುವಂಥದ್ದೂ ಅಲ್ಲ. ಒಂದು ಪ್ರಶ್ನೆ ಕೇಳಿ ಬಸ್ಸು ತಪ್ಪಿಸಿಕೊಂಡವಳು ನಾನು. ಒಮ್ಮೆಯಲ್ಲ, ಎಷ್ಟೋ ಸಲ.

ಪುತ್ತೂರಿನ ಕಡೆಯ ಸವಣೂರಿನ ಪೇಟೆ ಮುಗಿಯುವಲ್ಲಿ, ಹಳೆಯ ಅಕ್ಕಿ ಮಿಲ್ಲಿಗೆ ಇಳಿಯುವ ದಾರಿಯ ಬದಿಗೆ ಅವರ ಅಂಗಡಿ. ಮಕ್ಕಳಿಗೆಲ್ಲ ಅವರು ಸೈಕಲ್ ಅಜ್ಜ. ನಾನು ಪುತ್ತೂರಿನ ಹೈಸ್ಕೂಲೊಂದರಲ್ಲಿ ಗಣಿತ ಹೇಳಿಕೊಡುವವಳು, ಕೂತಲ್ಲಿ ಕೂರುವ ಪೈಕಿಯಲ್ಲ. ಒಲೆಯ ಮೇಲೆ ಅನ್ನಕ್ಕಿಟ್ಟು ನಿಮಿಷಕ್ಕೊಮ್ಮೆ ಮುಚ್ಚಳ ತೆಗೆದು ನೋಡುವವಳು. ಅಂಥವಳಿಗೂ ಅಂಥವರಿಗೂ ಸರಿ ಬರುವುದಾದರೂ ಹೇಗೆ?

ನಂಟು ಶುರುವಾದದ್ದು ಮಗಳಿಂದ. ಅವಳಿಗೆ ಐದು ತುಂಬಿದಾಗ ಸೈಕಲ್ ತಂದೆವು, ಬದಿಗೆ ಎರಡು ಪುಟ್ಟ ಚಕ್ರ ಇದ್ದದ್ದು. ಒಂದೇ ವಾರಕ್ಕೆ ನನಗೆ ಸಾಕಾಯಿತು. ಪಕ್ಕದ ಮನೆಯ ಹುಡುಗಿ ಆಗಲೇ ಎರಡು ಚಕ್ರದಲ್ಲಿ ಬೆಲ್ಲು ಬಾರಿಸುತ್ತಾ ಹೋಗುತ್ತಿದ್ದಳು, ಇವಳದ್ದು ಇನ್ನೂ ನಾಲ್ಕು ಚಕ್ರದ ಮೆರವಣಿಗೆ! ಬದಿ ಚಕ್ರ ಎತ್ತಿ ಕಟ್ಟಿ, ಸೀಟು ಹಿಡಿದುಕೊಂಡು ಅವಳ ಹಿಂದೆ ಓಡಿದೆ.

"ಅಮ್ಮ, ಹಿಡಿದಿದ್ದಿಯಾ?"

"ಹಿಡಿದಿದ್ದೇನೆ, ತುಳಿ, ತುಳಿ!" ಎನ್ನುತ್ತಲೇ ಕೈಬಿಟ್ಟೆ. ಎಲ್ಲರೂ ಕಲಿಸುವುದು ಹಾಗೆಯೇ ಅಲ್ಲವೇ? ಅವಳು ಹಿಂತಿರುಗಿ ನೋಡಿದಳು. ನಾನು ಹತ್ತು ಮಾರು ದೂರದಲ್ಲಿ ಚಪ್ಪಾಳೆ ತಟ್ಟುತ್ತಾ ನಿಂತಿದ್ದೆ. ಗಲ್ಲಕ್ಕೆ ಮೂರು ಹೊಲಿಗೆ ಬಿತ್ತು.

ಗಾಯ ಮಾಯಿತು. ಆದರೆ ಮಗಳು ನನ್ನ ಕೈ ಹಿಡಿಯುವುದನ್ನೇ ಬಿಟ್ಟಳು. ರಸ್ತೆ ದಾಟುವಾಗ ಕೈ ಚಾಚಿದರೆ ಎರಡೂ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು, "ಬೇಡ, ನೀನು ಬಿಡ್ತಿ" ಎನ್ನುತ್ತಿದ್ದಳು. ಸಿಟ್ಟಿಲ್ಲ, ಅಳುವಿಲ್ಲ, ಮಳೆ ಬರುತ್ತಿದೆ ಎಂದಷ್ಟೇ ಸಲೀಸಾಗಿ. ಬಸ್ಸು ಹತ್ತುವಾಗ ಗುರುತಿಲ್ಲದ ಹೆಂಗಸರ ಕೈ ಹಿಡಿಯುತ್ತಿದ್ದಳು. ನನಗೆ ಹೊಳೆದ ಪರಿಹಾರ ಒಂದೇ, ಇವಳು ಬೇಗ ಸೈಕಲ್ ಕಲಿತರೆ ಇದೆಲ್ಲ ಮರೆತುಹೋದೀತು. ಬೇಗ! ನನ್ನ ಬುದ್ಧಿ ಅಷ್ಟೇ.

ಅಂದು ಬಿದ್ದಾಗ ಬಗ್ಗಿದ ಬದಿ ಚಕ್ರ ಸರಿಮಾಡಿಸಲೆಂದು ಸೈಕಲ್ಲನ್ನು ಅವರ ಅಂಗಡಿಗೆ ಒಯ್ದೆ. ಮಗಳು ಪಕ್ಕದಲ್ಲಿ ನಿಂತಿದ್ದಳು. ಅವರು ಚಕ್ರ ತಿರುಗಿಸಿ ಎಲ್ಲವನ್ನೂ ಕೇಳಿಸಿಕೊಂಡು, ಸ್ಪ್ಯಾನರ್ ತೆಗೆದು ಬದಿ ಚಕ್ರ ಎರಡನ್ನೂ ಕಳಚಿದರು. ಆಮೇಲೆ ನೋಡಿದರೆ ಪೆಡಲ್ ಎರಡನ್ನೂ ಕಳಚುತ್ತಿದ್ದಾರೆ!

"ಎಂತ ಮಾಡುದು ನೀವು? ಪೆಡಲ್ ಇಲ್ಲದೆ ಸೈಕಲ್ ಬಿಡುದು ಹೇಗೆ?"

"ಮೊದಲು ಬ್ಯಾಲೆನ್ಸ್ ಬರ್ಲಿ ಟೀಚರೇ. ತುಳಿಯುದು ಎಂತ, ಅದು ಮತ್ತೆ ಅರ್ಧ ಗಂಟೆಯ ಕೆಲಸ."

ಮಗಳ ಎರಡೂ ಪಾದ ನೆಲಕ್ಕೆ ಪೂರ್ತಿ ಊರುವಷ್ಟು ಸೀಟು ಇಳಿಸಿ ಅವಳನ್ನು ಕೂರಿಸಿದರು. "ಕಾಲು ನೆಲದಲ್ಲಿ ಉಂಟಲ್ಲ ಪುಟ್ಟಿ? ಕೂತುಕೊಂಡೇ ನಡಿ. ಹೆದರಿಕೆ ಆದ್ರೆ ನಿಲ್ಲು." ನಾನು ಅಭ್ಯಾಸಬಲದಿಂದ ಸೀಟಿಗೆ ಕೈ ಹಾಕಿದೆ. ಅವರು ಸ್ಪ್ಯಾನರಿನ ತುದಿಯಿಂದ ನನ್ನ ಕೈಯನ್ನು ಮೆಲ್ಲಗೆ ಆಚೆ ಸರಿಸಿದರು.

"ನೀವು ಹಿಡಿಯುದೇ ಬೇಡ ಮಾರಾಯ್ರೆ. ಹಿಡಿದ್ರೆ ಅಲ್ವಾ ಬಿಡುದು?"

ಪೆಡಲುಗಳನ್ನು ಬಿಸ್ಕತ್ತಿನ ಖಾಲಿ ಡಬ್ಬಿಗೆ ಹಾಕಿ, ಮಗಳ ಹೆಸರು ಬರೆದ ಚೀಟಿ ಅಂಟಿಸಿ, ಮೇಲಿನ ಹಲಗೆಯಲ್ಲಿಟ್ಟರು. ಅಲ್ಲಿ ಅಂಥ ಡಬ್ಬಿಗಳ ಸಾಲೇ ಇತ್ತು. ಅಂಗಡಿಯಿಂದ ಮಿಲ್ಲಿನ ಗೇಟಿನವರೆಗಿನ ಸಣ್ಣ ಇಳಿಜಾರನ್ನು ಮಗು ಎರಡೂ ಕಾಲೆತ್ತಿ ಮೂರು ಸಲ ಇಳಿಯಬೇಕು, ಅದೂ ಯಾರೂ ಹೇಳದೆ ತಾನಾಗಿ. ಆಗ ಡಬ್ಬಿ ಕೆಳಗೆ ಬರುತ್ತಿತ್ತು. ಅಪ್ಪಂದಿರು ಜಗಳಾಡಿದರೂ ಅಜ್ಜಿಯಂದಿರು ಗೋಗರೆದರೂ ಈ ಕಾನೂನಿಗೆ ತಿದ್ದುಪಡಿ ಇರಲಿಲ್ಲ. ಹೊರದೇಶದ ಪುಟ್ಟ ಮಕ್ಕಳು ಪೆಡಲೇ ಇಲ್ಲದ ಬ್ಯಾಲೆನ್ಸ್ ಬೈಕ್ ಓಡಿಸುವ ವಿಡಿಯೋವನ್ನು ಒಮ್ಮೆ ನನ್ನ ಫೋನಿನಲ್ಲಿ ತೋರಿಸಿದೆ. "ಪೆಡಲ್ ಹಾಕದೆಯೇ ಮಾರುದಾ!" ಎಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಹಾಗಾದ್ರೆ ಮತ್ತೆ ಡಬ್ಬಿಯಲ್ಲಿ ಎಂತ ಇಡುದು?"

ಹದಿನೈದು ದಿನ ಕಳೆಯಿತು. ಮಗಳು ದಿನಾ ಸಂಜೆ ಬಾತುಕೋಳಿಯ ಹಾಗೆ ಕಾಲು ಹಾಕುತ್ತಾ ಇಳಿಯುವುದು, ಹತ್ತುವುದು. ನಾನು ಅಂಗಡಿಯ ಮುಂದೆ ಅತ್ತಿಂದಿತ್ತ, ಇತ್ತಿಂದತ್ತ. ಇನ್ನೆಷ್ಟು ದಿನ ಎಂದು ಕೇಳಿದರೆ ಚಕ್ರ ತಟ್ಟುತ್ತಿದ್ದರು. ಅದು ನಿಂತ ಮೇಲೆ, "ಅವಳತ್ರ ಕೇಳಿ." ಅವಳ ಹತ್ತಿರ ಕೇಳಲು ನನಗೆ ಮುಖವೆಲ್ಲಿತ್ತು?

ಕೊನೆಗೊಂದು ಸಂಜೆ ಅವರು ಎದುರಿನ ಹೋಟೆಲಿಗೆ ಚಹಾಕ್ಕೆ ಹೋದಾಗ, ಡಬ್ಬಿಯಿಂದ ಪೆಡಲುಗಳನ್ನು ತೆಗೆದು ಬ್ಯಾಗಿಗೆ ಹಾಕಿಕೊಂಡೆ. ಕದ್ದೆ ಎಂದೇ ಹೇಳಬೇಕು. ಸೈಕಲ್ಲನ್ನೂ ಮನೆಗೆ ತಂದೆ. ಮರುದಿನ ಬೆಳಿಗ್ಗೆ ಮಗಳು ಏಳುವ ಮೊದಲು ಗಂಡನ ಸ್ಕೂಟರಿನ ಸ್ಪ್ಯಾನರ್ ಹಿಡಿದು ಕೂತೆ. ಬಲಗಡೆಯದ್ದು ಸಲೀಸಾಗಿ ಕೂತಿತು. ಎಡಗಡೆಯದ್ದು ಒಳಗೆ ಹೋಗಲೊಲ್ಲದು. ನನ್ನೆದುರು ಹಟವೇ? ಮೈಭಾರವೆಲ್ಲ ಹಾಕಿ ತಿರುಗಿಸಿದೆ. ಕಿರ್ರೆಂದು ಅರ್ಧ ಹೋಗಿ ಸೊಟ್ಟಗೆ ನಿಂತಿತು. ಎಡ ಪೆಡಲಿನ ತಿರುಪಿನ ಥ್ರೆಡ್ ಉಲ್ಟಾ, ಅದನ್ನು ಬಿಗಿಮಾಡಲು ಎಡಕ್ಕೆ ತಿರುಗಿಸಬೇಕು ಎಂಬುದು ನನ್ನ ಎಂ.ಎಸ್ಸಿ.ಯಲ್ಲಿ ಇರಲಿಲ್ಲ.

ಬಾಗಿಲಲ್ಲಿ ಮಗಳು ನಿಂತಿದ್ದಳು. "ಸೈಕಲ್ ಅಜ್ಜ ಕೊಟ್ರಾ?"

"ಹೂಂ, ಕೊಟ್ರು."

ಸೊಟ್ಟ ಪೆಡಲನ್ನು ನೋಡಿದಳು, ನನ್ನ ಮುಖ ನೋಡಿದಳು. "ಸುಳ್ಳು" ಎಂದು ಒಳಗೆ ಹೋದಳು. ಎರಡನೆಯ ಸಲವೂ ನಾನು ಅವಳ ಕೈಬಿಟ್ಟಿದ್ದೆ.

ಅಂದು ಶಾಲೆಗೆ ರಜೆ ಹಾಕಿ ಸೈಕಲ್ ತಳ್ಳಿಕೊಂಡು ಅಂಗಡಿಗೆ ಹೋದೆ. ಎಲ್ಲ ಒಪ್ಪಿಕೊಂಡೆ. ಚೆನ್ನಾಗಿ ಉಗಿಯಲಿ ಎಂದು ಕಾದೆ. ಚಕ್ರ ತಿರುಗಿತು, ತಿರುಗಿತು, ನಿಂತಿತು.

"ಟೀಚರೇ, ನಿಮಗೆ ಸೈಕಲ್ ಬರ್ತದಾ?"

ಇಷ್ಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲ, ನಾನು ಹೇಳಿಯೂ ಇರಲಿಲ್ಲ. ಬರುವುದಿಲ್ಲ. ಏಳನೇ ಕ್ಲಾಸಿನಲ್ಲಿ ನನ್ನ ದೊಡ್ಡಣ್ಣ ಹಿಡಿದಿದ್ದೇನೆ ಎಂದು ಹೀಗೆಯೇ ಬಿಟ್ಟಿದ್ದ. ಬೇಲಿಗೆ ಬಿದ್ದೆ, ಹುಡುಗರೆಲ್ಲ ಕೇಕೆ ಹಾಕಿದರು, ಮತ್ತೆ ಸೈಕಲ್ ಮುಟ್ಟಲಿಲ್ಲ. ಅವರಿಗೆ ಇದನ್ನೆಲ್ಲ ಹೇಳಿದೆ.

"ಹಾಗಾದ್ರೆ ನಿಮಗೂ ಒಂದು ಮಾಡುವ."

"ಈ ಪ್ರಾಯದಲ್ಲಾ? ಪುರುಸೊತ್ತು ಎಲ್ಲುಂಟು ನನಗೆ?"

"ಆದಾಗ ಬನ್ನಿ. ಸೈಕಲಿಗೆ ಎಂತ ಅರ್ಜೆಂಟ್ ಇಲ್ಲ."

ಪೆಡಲೆರಡೂ ಮತ್ತೆ ಡಬ್ಬಿಗೆ ಹೋದವು. ಪೆಡಲು ಕೂರುವ ಎಡಗಡೆಯ ಕ್ರ್ಯಾಂಕನ್ನು ನಾನು ಹಾಳುಮಾಡಿದ್ದೆ, ಹೊಸದು ಬರಲು ಒಂದು ವಾರ ಬೇಕಾಯಿತು. ಅಷ್ಟರಲ್ಲೇ ಒಂದು ಸಂಜೆ, ನಾನು ಫೋನಿನಲ್ಲಿ ಯಾರೊಡನೆಯೋ ಪ್ರಶ್ನೆಪತ್ರಿಕೆಯ ತಕರಾರು ಮಾಡುತ್ತಿದ್ದಾಗ, ಅವರು ನನ್ನ ಹೆಸರು ಹಿಡಿದು ಕರೆದರು. ಮಗಳು ಮಿಲ್ಲಿನ ಗೇಟಿನ ಹತ್ತಿರ ನಿಂತು ಏದುಸಿರು ಬಿಡುತ್ತಿದ್ದಳು.

"ನೋಡ್ಲಿಲ್ವಾ? ಎರಡೂ ಕಾಲು ಎತ್ತಿದ್ಳು."

ಅಯ್ಯೋ ದೇವರೇ! ಹಣೆ ಚಚ್ಚಿಕೊಂಡೆ. ಇನ್ನೊಮ್ಮೆ ಮಾಡು ಎಂದು ಕೂಗಲು ಬಾಯಿ ತೆರೆದೆ. "ಕರೀಬೇಡಿ. ನಿಲ್ಲಿ, ಬರ್ತಾಳೆ" ಎಂದರು. ಫೋನ್ ಆಫ್ ಮಾಡಿ, ಬಾಯಿ ಮುಚ್ಚಿ ನಿಂತೆ. ಅವಳು ಸೈಕಲ್ ತಳ್ಳಿಕೊಂಡು ಮೇಲೆ ಬಂದಳು, ಕೂತಳು, ಕಾಲೆತ್ತಿದಳು. ಕೂದಲು ಹಿಂದಕ್ಕೆ ಹಾರುತ್ತಿತ್ತು. ಒಮ್ಮೆಯೂ ಹಿಂತಿರುಗಿ ನೋಡಲಿಲ್ಲ. ಮೂರನೆಯದೂ ಆಯಿತು. ಕ್ರ್ಯಾಂಕ್ ಬರುವವರೆಗೆ ಸೈಕಲ್ಲನ್ನು ಅಂಗಡಿಯಲ್ಲೇ ಬಿಟ್ಟು ಮನೆಗೆ ಹೊರಟೆವು. ರಸ್ತೆ ದಾಟುವಲ್ಲಿ ಬೆವರಿದ ಪುಟ್ಟ ಕೈಯೊಂದು ತಾನಾಗಿ ನನ್ನ ಕೈಯೊಳಗೆ ಬಂತು. ನಾನು ನಡುರಸ್ತೆಯಲ್ಲಿ ಅತ್ತೆ. ಸುಬ್ರಹ್ಮಣ್ಯದ ಬಸ್ಸಿನವನು ಹಾರ್ನ್ ಹೊಡೆದೇ ಹೊಡೆದ.

ಅದಾಗಿ ಮೂರು ವರ್ಷ. ಕಂಡಾಗಲೆಲ್ಲ ಅವರು "ಪುರುಸೊತ್ತು ಆಯ್ತಾ ಟೀಚರೇ?" ಎನ್ನುತ್ತಿದ್ದರು, ನಾನು ಕೈಗಡಿಯಾರ ತೋರಿಸಿ ಬಸ್ಸಿಗೆ ಓಡುತ್ತಿದ್ದೆ. ಈ ಮಳೆಗಾಲದ ಆಟಿ ತಿಂಗಳಲ್ಲಿ ಜ್ವರವೆಂದು ಮಲಗಿದರಂತೆ. ಭಾನುವಾರ ನೋಡಿ ಬರೋಣ ಎಂದುಕೊಂಡೆ. ಶುಕ್ರವಾರವೇ ಹೋಗಿಬಿಟ್ಟರು. ಜೀವಮಾನವೆಲ್ಲ ಎಲ್ಲದಕ್ಕೂ ಅವಸರ ಮಾಡಿದವಳು ಅದೊಂದಕ್ಕೆ ತಡಮಾಡಿದೆ.

ಉತ್ತರಕ್ರಿಯೆಯ ಬೊಜ್ಜ ಕಳೆದ ಮೇಲೆ ಅವರ ಹೆಂಡತಿ ಹೇಳಿ ಕಳಿಸಿದರು. ಅಂಗಡಿಯ ಒಳಗೆ ಒಂದು ಲೇಡೀಸ್ ಸೈಕಲ್ ನಿಂತಿತ್ತು. ಸೀಟು ನನ್ನ ಎತ್ತರಕ್ಕೆ ಇಳಿಸಿತ್ತು, ಪೆಡಲ್ ಇರಲಿಲ್ಲ. "ನಿಮ್ಮದೇ ಟೀಚರೇ. ಮೂರು ವರ್ಷದಿಂದ ಗ್ರೀಸ್ ಹಾಕಿ ಇಟ್ಟಿದ್ರು." ಹಲಗೆಯ ಮೇಲೆ ಒಂದು ಡಬ್ಬಿ, ಚೀಟಿಯಲ್ಲಿ 'ಟೀಚರ್'. ನಾನು ಕೈ ಚಾಚಿದೆ. ಆಕೆ ಅಡ್ಡ ನಿಂತರು.

"ಈಗ ಕೊಡ್ಲಿಕ್ಕಿಲ್ಲ. ನೀವು ಕೇಳಿದ್ರೂ ಕೊಡ್ಬೇಡ ಅಂತ ಹೇಳಿ ಹೋಗಿದ್ದಾರೆ. ಗೇಟಿನವರೆಗೆ, ಮೂರು ಸಲ."

ಮುಂದಿನ ಚಕ್ರವನ್ನು ಸ್ವಲ್ಪ ಎತ್ತಿ ಬೆರಳಿನಿಂದ ತಟ್ಟಿದೆ. ಅದು ನಿಲ್ಲುವವರೆಗೂ ಇಬ್ಬರೂ ನೋಡುತ್ತಾ ನಿಂತೆವು.

ಈಗ ಭಾನುವಾರ ಸಂಜೆ ಅದೇ ಇಳಿಜಾರಿನಲ್ಲಿ ಬಾತುಕೋಳಿಯ ಸರದಿ ನನ್ನದು. ಪೇಟೆಯವರು ನಗುತ್ತಾರೆ, ನಗಲಿ. ಮೊದಲ ದಿನ ಹೆದರಿ ಮಗಳನ್ನು ಕೇಳಿದ್ದೆ, "ಸ್ವಲ್ಪ ಹಿಡ್ಕೊಳ್ತಿಯಾ?"

"ಇಲ್ಲಮ್ಮ, ಹಿಡಿದ್ರೆ ಮತ್ತೆ ಬಿಡ್ಬೇಕಲ್ಲ" ಎಂದು ಗೇಟಿನ ಹತ್ತಿರ ಹೋಗಿ, ನನಗೆ ಕಾಣುವಂತೆ ನಿಂತಳು.

ಎರಡು ಸಲ ಕಾಲೆತ್ತಿ ಇಳಿದಿದ್ದೇನೆ. ಮೂರನೆಯದು ಮುಂದಿನ ವಾರವೇ ಆಗಬಹುದು. ಆದರೆ ಆ ಡಬ್ಬಿ ಕೆಳಗೆ ಬಂದರೆ ಅವರು ನನಗೆ ಕಲಿಸುವುದು ಮುಗಿದುಹೋಗುತ್ತದೆ. ನನಗೆ ಅವಸರವಿಲ್ಲ.