ನೀಲಿ ಚಿಟ್ಟೆಯ ಊಟ

ಹ್ಯೂಸ್ಟನ್ನಿನ ಚಿಟ್ಟೆಮನೆಯಲ್ಲಿ ಅಂಗೈಯಗಲದ ಚಿಟ್ಟೆಯೊಂದು ಕೊಳೆತ ಬಾಳೆಹಣ್ಣಿನ ತಟ್ಟೆಗೆ ಬಂದಿಳಿಯಿತು. ರೆಕ್ಕೆ ಮಡಚಿದೊಡನೆ ನೀಲಿ ಮರೆಯಾಗಿ ಬರೀ ಕಂದು ಉಳಿಯಿತು. ಅಲ್ಲಿ ನಿಂತಿದ್ದ ಮೇಲ್ವಿಚಾರಕಿಗೆ ಹಣ್ಣು ಬದಲಿಸಲು ಹೇಳಿದೆ.

"ಮ್ಯಾಮ್, ಇದಕ್ಕೆ ಹಲ್ಲಿಲ್ಲ, ಹೀರುವ ನಳಿಗೆ ಮಾತ್ರ. ಹಣ್ಣು ಕೊಳೆತು ರಸ ಬಿಟ್ಟರೇ ಊಟ. ರೆಕ್ಕೆ ಬಂದಮೇಲೆ ಬದುಕೋದು ಕೆಲವೇ ವಾರ, ತಿನ್ನಲಿ ಬಿಡಿ" ಎಂದಳು.

ನಮ್ಮ ಯಜಮಾನರೂ ಹೀಗೆಯೇ. "ಕಪ್ಪಾದ ಹಣ್ಣು ಬಿಸಾಡಬೇಡ ಕಣೇ, ರಸಾಯನಕ್ಕೆ ಅದೇ ಸರಿ" ಎನ್ನುತ್ತಿದ್ದರು. ಕಾನ್ವೆಂಟಿನಲ್ಲಿ ಕಲಿತ ಶಿಸ್ತು ನನ್ನದು, ಪ್ರತಿಸಲವೂ ಬಿಸಾಡಿದೆ. ಅವರು ಕೊನೆಯ ಸಲ ಆಸ್ಪತ್ರೆಯಿಂದ ಬಂದು ರಸಾಯನ ಕೇಳಿದ ದಿನವೂ.

ಈಗ ನಮ್ಮೂರು ಫ್ರಿಸ್ಕೋಗೆ ಮರಳಿ, ನಮ್ಮ ಅಡುಗೆಮನೆಯಲ್ಲಿ ಬಾಳೆಹಣ್ಣನ್ನು ಕಪ್ಪಾಗಲು ಬಿಡುತ್ತೇನೆ. ಇದುವರೆಗೆ ಬಂದಿರುವುದು ನೊಣಗಳು ಮಾತ್ರ.